ಇಪ್ಪತ್ತೊಂದು ತಿರುವಿನ ಲಾರಿ

ಜನವರಿ 9

ಪ್ರೀತಿಯ ಅಕ್ಕ,

ಈ ಕಾಗದ ನಿನ್ನ ಹಡಗಿಗೆ ಯಾವ ಬಂದರಿನಲ್ಲಿ ಸಿಗುತ್ತದೋ ಗೊತ್ತಿಲ್ಲ. ಸಿಕ್ಕ ಕೂಡಲೇ ಓದು. ಇದರಲ್ಲಿ ನಿನ್ನ ಕಸುಬಿಗೆ ಸೇರಿದ ಪ್ರಶ್ನೆಯೊಂದಿದೆ. ಕ್ಷೇಮ ಸಮಾಚಾರ ಆಮೇಲೆ.

ಅಪ್ಪ ಹೋಗಿ ವರ್ಷ ತುಂಬಿತಲ್ಲ, ಹಿತ್ತಲ ಶೆಡ್ಡಿನಲ್ಲಿರುವ ಲಾರಿಯನ್ನು ಗುಜರಿಯವನಿಗೆ ಕೊಟ್ಟುಬಿಡೋಣವೆಂದು ನಾನೂ ನನ್ನವಳೂ ಮಾತಾಡಿಕೊಂಡಿದ್ದೆವು. ಇಪ್ಪತ್ತು ವರ್ಷದಿಂದ ಅದು ಅಲ್ಲಾಡಿಲ್ಲ. ಟೈರುಗಳು ನೆಲಕ್ಕೆ ಅಂಟಿವೆ, ಬಾನೆಟ್ಟಿನೊಳಗೆ ಇಲಿಗಳು ಸಂಸಾರ ಹೂಡಿವೆ. ಅಮ್ಮನನ್ನು ಕೇಳಿದೆವು, "ನಿಮ್ಮಿಷ್ಟ" ಎಂದಿದ್ದಳು. ಮೊನ್ನೆ ಗುಜರಿಯವನು ಬಂದು ಗ್ಯಾಸ್ ಕಟರಿಗೆ ಬೆಂಕಿ ಹಚ್ಚಿ ಕನ್ನಡಕ ಏರಿಸಿಕೊಂಡ. ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದು ಲಾರಿಯ ಮೂತಿಗೆ ಬೆನ್ನು ಕೊಟ್ಟು ನಿಂತಳು.

"ಮುಟ್ಟಬೇಡಪ್ಪ."

"ಅಮ್ಮ, ನೀನೇ ಹೂಂ ಅಂದಿದ್ದೆಯಲ್ಲ?" ಎಂದೆ.

"ಅಂದಿದ್ದೆ. ಈಗ ಉಹೂಂ ಅಂತಿದೀನಿ."

ಅವನು ನನ್ನ ಮುಖ ನೋಡಿದ, ನಾನು ನನ್ನವಳ ಮುಖ ನೋಡಿದೆ, ಅವಳು ಆಕಾಶ ನೋಡಿದಳು. ಗುಜರಿಯವನು ಗೊಣಗುತ್ತಾ ಸಿಲಿಂಡರು ಹೊತ್ತುಕೊಂಡು ಹೋದ. ಆಗ ಅಮ್ಮ ನಮ್ಮ ಕಡೆ ತಿರುಗಿ, "ಇದನ್ನ ಓಡೋ ಹಾಗೆ ಮಾಡೋಣ. ಬಣ್ಣಾನೂ ಹೊಡೆಯೋಣ. ಎಲ್ಲರೂ ಸೇರಿ," ಎಂದಳು, ಊಟಕ್ಕೆ ಬನ್ನಿ ಎಂದಷ್ಟೇ ಸಲೀಸಾಗಿ.

ನನ್ನ ಬಗ್ಗೆ ನಿನಗೆ ಗೊತ್ತಲ್ಲ. ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವವನು. ಇವತ್ತಿನವರೆಗೆ ನಾನು ಹಿಡಿದ ಅತ್ಯಂತ ಭಾರದ ಸಲಕರಣೆ ಕೆಂಪು ಪೆನ್ನು. ಅಪ್ಪನ ನೆನಪಿಗೆ ಅಮ್ಮ ಆಸೆಪಡುತ್ತಿದ್ದಾಳೆ, ಅಡ್ಡಿ ಬರಬಾರದು ಎಂದುಕೊಂಡು ಒಪ್ಪಿದೆ.

ಪಕ್ಕದ ಬೀದಿಯ ಗ್ರೀಸ್ ಮಾವ ಬಂದು ನೋಡಿದರು. ಗ್ಯಾರೇಜು ಮುಚ್ಚಿ ಹತ್ತು ವರ್ಷವಾದರೂ ಅವರ ಉಗುರಿನ ಕಪ್ಪು ಹೋಗಿಲ್ಲ. "ಎಂಜಿನ್ ಹಿಡ್ಕೊಂಡಿದೆ. ಪಿಸ್ಟನ್ನುಗಳು ಸಿಲಿಂಡರಿಗೆ ಅಂಟಿವೆ. ಬಿಚ್ಚಿದ್ರೆ ಮತ್ತೆ ಜೋಡಿಸೋಕೆ ಈ ಕಾಲದಲ್ಲಿ ಸಾಮಾನು ಸಿಗಲ್ಲ," ಎಂದು ಕೈಚೆಲ್ಲಿದರು. ಬಿಚ್ಚದೆ ಬಿಡಿಸುವ ದಾರಿ ಏನಾದರೂ ಇದ್ದರೆ ಬರೆ.

ಅಮ್ಮ ನಿನ್ನನ್ನು ಕೇಳಿದಳು ಎಂದು ಬರೆದರೆ ನೀನು ನಂಬುವುದಿಲ್ಲ. ಆದರೆ ನಾನು ಕಾಗದ ಮಡಿಸುತ್ತಿದ್ದಾಗ, "ಫೋಟೋ ಏನಾದ್ರೂ ಕಳ್ಸಿದಾಳಾ?" ಎಂದಳು, ಗೋಡೆಯ ಕಡೆ ನೋಡುತ್ತಾ.

ನಿನ್ನ ತಮ್ಮ

ಫೆಬ್ರವರಿ 11

ತಮ್ಮ,

ಬಿಚ್ಚಬೇಡ. ಸುತ್ತಿಗೆಯಿಂದ ಬಡಿಯುವುದಂತೂ ಬೇಡವೇ ಬೇಡ. ಡೀಸೆಲ್ಲು ಚಿಮ್ಮಿಸುವ ಇಂಜೆಕ್ಟರುಗಳನ್ನು ಹೊರತೆಗೆದು ಆ ತೂತುಗಳ ಮೂಲಕ ಪ್ರತಿ ಸಿಲಿಂಡರಿಗೂ ಅರ್ಧ ಡೀಸೆಲ್ಲು, ಅರ್ಧ ಎಣ್ಣೆ ಸೇರಿಸಿ ಸುರಿ. ಒಂದು ವಾರ ಮುಟ್ಟಬೇಡ. ಇಳಿದಷ್ಟೂ ಮತ್ತೆ ಸುರಿ. ಆಮೇಲೆ ಫ್ಲೈವೀಲಿಗೆ, ಅದೇ ಎಂಜಿನ್ನಿನ ಹಿಂದಿನ ಹಲ್ಲುಗಾಲಿಗೆ, ಸಲಾಕೆ ಕೊಟ್ಟು ಒಂದು ಹಲ್ಲಿನಷ್ಟು ಮುಂದೆ, ಒಂದು ಹಲ್ಲಿನಷ್ಟು ಹಿಂದೆ ಅಲುಗಾಡಿಸು. ಕದಲಲಿಲ್ಲವೆಂದು ಜೋರು ಮಾಡಬೇಡ. ದಿನಾ ಮಾಡು. ನಮ್ಮ ಹಡಗಿನ ಎಂಜಿನ್ ಮೂರು ಮಹಡಿ ಎತ್ತರ, ಅದರೊಳಗೆ ಇಳಿಯಲು ಏಣಿ ಬೇಕು. ಆದರೂ ಅದಕ್ಕೆ ಅರ್ಥವಾಗುವ ಭಾಷೆ ಇದೇ: ತಾಳ್ಮೆ, ಎಣ್ಣೆ.

ಆ ಲಾರಿಯ ಮೇಲೆ ನಿಮ್ಮೆಲ್ಲರಿಗಿಂತ ಹೆಚ್ಚು ಹಕ್ಕು ನನಗಿದೆ. ಅದರ ಮಡ್‌ಗಾರ್ಡಿನ ಮೇಲೆ ಕೂತು ಅಪ್ಪನಿಗೆ ಪಾನಾ, ಸುತ್ತಿಗೆ ಎತ್ತಿಕೊಡುತ್ತಾ ಬೆಳೆದವಳು ನಾನು. ಲಾರಿ ಅಡ್ಡೆಯಲ್ಲಿ ಎಲ್ಲರೂ ಅಪ್ಪನನ್ನು 'ಬೆಟ್ಟದ ಹುಲಿ' ಎನ್ನುತ್ತಿದ್ದರಲ್ಲ, ಇಪ್ಪತ್ತೊಂದು ತಿರುವಿನ ಆ ದಾರಿಯನ್ನು ಒಂಬತ್ತು ವರ್ಷ ಹತ್ತಿ ಇಳಿದ ಮನುಷ್ಯ ಎಂದು! ಹಾಗೆ ಅಂದಾಗಲೆಲ್ಲ ಅಪ್ಪ ತಲೆ ತಗ್ಗಿಸಿ ಬೀಡಿ ಹುಡುಕುತ್ತಿದ್ದರು. ಅಷ್ಟು ವಿನಯ. ಬಿರುಗಾಳಿಯಲ್ಲಿ ಹಡಗು ಹೊಯ್ದಾಡುವಾಗ ನಾನು ಧೈರ್ಯಕ್ಕೆ ನೆನೆಯುವುದು ಅವರನ್ನೇ.

ಬಣ್ಣ ಹೊಡೆಯುವುದಾದರೆ ನೀಲಿ. ಅದು ಯಾವತ್ತೂ ನೀಲಿಯೇ.

ಅಮ್ಮನನ್ನು ಎಂಜಿನ್ನಿನ ಹತ್ತಿರ ಬಿಡಬೇಡ, ಕೈ ಸಿಕ್ಕಿಸಿಕೊಂಡಾಳು. ನಾನು ಈ ಕೆಲಸಕ್ಕೆ ಹೊರಟಾಗ ಬಾಗಿಲಿಗೆ ಅಡ್ಡ ನಿಂತವಳು ಅವಳು. "ಅಡುಗೆಮನೆಯಿಂದ ಆಚೆ ನೋಡದವಳಿಗೆ ಎಂಜಿನ್ ವಿಷಯ ಏನು ಗೊತ್ತು?" ಎಂದು ನಾನು ಅಂದದ್ದು, ಅವಳು ತುಟಿ ಪಿಟಕ್ಕೆನ್ನದೆ ಪಕ್ಕಕ್ಕೆ ಸರಿದದ್ದು ನಿನಗೂ ನೆನಪಿರಬೇಕು, ನೀನಾಗ ಹದಿನೈದರವನು. ಹತ್ತೊಂಬತ್ತು ವರ್ಷವಾಯಿತು. ಅಂದದ್ದು ತಪ್ಪೆಂದು ಎಷ್ಟೋ ಸಲ ಅನ್ನಿಸಿದೆ. ಸುಳ್ಳೆಂದು ಅನ್ನಿಸಿಲ್ಲ.

ಫೋಟೋ ಇಟ್ಟಿದ್ದೇನೆ. ಕೊಡು.

ಅಕ್ಕ

ಏಪ್ರಿಲ್ 2

ಪ್ರೀತಿಯ ಅಕ್ಕ,

ಇಪ್ಪತ್ತೆರಡನೆಯ ದಿನ ಕದಲಿತು!

ದಿನಾ ಬೆಳಿಗ್ಗೆ ನಾನು ಕೆಲಸಕ್ಕೆ ಹೋಗುವ ಮುಂಚೆ, ಸಂಜೆ ಬಂದ ಮೇಲೆ ಸಲಾಕೆ ಹಿಡಿಯುತ್ತಿದ್ದೆ. ಬಂಡೆಗೆ ಭುಜ ಕೊಟ್ಟ ಹಾಗೆ. ಅವತ್ತು ಒಮ್ಮೆಲೇ ಒಳಗೆಲ್ಲೋ 'ಟಿಕ್' ಎಂದಿತು. ಸಲಾಕೆ ಅಂಗೈಯಲ್ಲಿ ಒಂದು ಬೆರಳಿನಷ್ಟು ಸರಿಯಿತು. ನನಗೆ ಮೈಯೆಲ್ಲ ಜುಮ್ಮೆಂದಿತು ಅಕ್ಕ. ಸತ್ತಿದೆ ಎಂದುಕೊಂಡದ್ದು ಉಸಿರೆಳೆದ ಹಾಗೆ. ನಾನು ಕೂಗಿದ್ದಕ್ಕೆ ನನ್ನವಳು ಹೊಲಿಯುತ್ತಿದ್ದ ಸೀಟಿನ ಕವರು ಬಿಟ್ಟು ಓಡಿಬಂದಳು, ಗ್ರೀಸ್ ಮಾವ ಊಟದ ಎಲೆ ಬಿಟ್ಟು ಎದ್ದರು.

ಅಮ್ಮ ಓಡಿಬರಲಿಲ್ಲ. ನಡೆದು ಬಂದಳು. ಬಾನೆಟ್ಟಿನ ಮೇಲೆ ಕಿವಿಯಿಟ್ಟು, "ಇನ್ನೊಂದ್ಸಲ ಅಲುಗಾಡಿಸು," ಎಂದಳು. ಅಲುಗಾಡಿಸಿದೆ. "ನಾಲ್ಕನೇದು ಇನ್ನೂ ಬಿಗಿ ಇದೆ. ಅಲ್ಲಿಗೆ ಸ್ವಲ್ಪ ಎಣ್ಣೆ ಜಾಸ್ತಿ ಹಾಕಿ," ಎಂದು ಒಳಗೆ ಹೋದಳು. ಗ್ರೀಸ್ ಮಾವ ನಕ್ಕರು. ನಕ್ಕು ಪರೀಕ್ಷೆ ಮಾಡಿದರು. ಆಮೇಲೆ ನಗಲಿಲ್ಲ. ನಾಲ್ಕನೆಯದೇ ಬಿಗಿಯಾಗಿತ್ತು.

ಇದು ಮೊದಲನೆಯ ಆಶ್ಚರ್ಯ. ಎರಡನೆಯದು ನಿನ್ನ ನೀಲಿಯದು. ಉಪ್ಪುಕಾಗದ ಹಿಡಿದು ನೀರು ಹಾಕಿ ಉಜ್ಜುತ್ತಾ ಹೋದರೆ ನೀಲಿಯ ಕೆಳಗೆ ಹಸಿರು ಸಿಕ್ಕಿತು. ಎಲೆ ಚಿಗುರಿದಾಗ ಇರುತ್ತದಲ್ಲ, ಆ ಹಸಿರು. ಎಡಗಡೆ ಮಾತ್ರ, ಬಾಗಿಲಿನಿಂದ ಹಿಂದಿನ ಚಕ್ರದವರೆಗೆ, ನೀಲಿಗೂ ಹಸಿರಿಗೂ ನಡುವೆ ತಗ್ಗು ಮುಚ್ಚಲು ಮೆತ್ತಿದ ಬೆರಳು ದಪ್ಪದ ಪುಟ್ಟಿ. ಅದು ಉದುರಿದಾಗ ತಗಡು ಉದ್ದಕ್ಕೂ ಕಿತ್ತು ಬಂದಂತೆ ಕಾಣಿಸಿತು. "ಇದು ಸಣ್ಣಪುಟ್ಟ ಪೆಟ್ಟಲ್ಲ ಕಣಯ್ಯ," ಎಂದರು ಗ್ರೀಸ್ ಮಾವ.

ಮೂರನೆಯದನ್ನು ಹೇಗೆ ಬರೆಯಲಿ?

ಡ್ರೈವರ್ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ತುಕ್ಕು ಹಿಡಿದ ಪಾನಾಗಳ ನಡುವೆ ಬಟ್ಟೆಯಲ್ಲಿ ಸುತ್ತಿಟ್ಟ ಮೂರು ಮರದ ತುಂಡುಗಳಿದ್ದವು. ಎರಡು ಚೌಕ, ಒಂದು ಉದ್ದ. ಅಂಚು ನುಣುಪಾಗಿ ಕೆತ್ತಿದ್ದು, ಪ್ರತಿಯೊಂದಕ್ಕೂ ಎರಡೆರಡು ತೂತು. ಚಕ್ರ ಉರುಳದಂತೆ ಕೊಡುವ ಅಡ್ಡೆಗಳಿರಬೇಕೆಂದು ಎಸೆಯಲು ಹೋದೆ. ಆದರೆ ನನ್ನ ಕಣ್ಣು ಗೊತ್ತಲ್ಲ, ಅರ್ಧವಿರಾಮ ತಪ್ಪಿದರೂ ಚುಚ್ಚುತ್ತದೆ. ಕ್ಲಚ್ಚಿನ ಪೆಡಲಿನಲ್ಲೂ ಹಾಗೇ ಎರಡು ತೂತು, ಬ್ರೇಕಿನಲ್ಲೂ, ಆಕ್ಸಿಲರೇಟರಿನಲ್ಲೂ. ಇಟ್ಟು ನೋಡಿದೆ. ಕೂತಿತು, ಎರಕ ಹೊಯ್ದ ಹಾಗೆ.

"ಪೆಡಲನ್ನ ಎತ್ತರ ಮಾಡೋಕೆ ಇದು," ಎಂದರು ಗ್ರೀಸ್ ಮಾವ. "ಕಾಲು ಎಟುಕದವರು ಯಾರೋ ಈ ಲಾರಿ ಓಡಿಸ್ತಿದ್ರು."

ಅಪ್ಪ ಆರಡಿ. ಕೂತರೆ ಮಂಡಿ ಸ್ಟಿಯರಿಂಗಿಗೆ ತಾಗುತ್ತಿತ್ತು. ಲಾರಿ ಕೊಂಡಾಗಿನಿಂದ ಅವರದ್ದೇ. ಬೇರೆ ಡ್ರೈವರನ್ನು ಇಟ್ಟವರಲ್ಲ.

ತುಂಡುಗಳನ್ನು ಅಮ್ಮನ ಮುಂದೆ ಇಟ್ಟೆ. ಅವಳು ಒಂದನ್ನು ಎತ್ತಿಕೊಂಡು ಅಂಗೈಯಿಂದ ಧೂಳು ಒರೆಸಿ, ಮೂಸಿ ನೋಡಿದಳು.

"ನಿಮ್ಮಪ್ಪ ಕೆತ್ತಿದ್ದು."

"ಯಾರಿಗೆ?"

"ನನಗೆ," ಎಂದಳು. "ಹಾಲು ಉಕ್ಕುತ್ತೆ, ತಡಿ." ಎದ್ದು ಹೋದಳು.

ಹಾಲು ಒಲೆಯ ಮೇಲೆ ಇರಲೇ ಇಲ್ಲ.

ನಿನ್ನ ತಮ್ಮ

ಏಪ್ರಿಲ್ 29

ತಮ್ಮ,

ನಿನ್ನ ಕಾಗದ ಮೂರು ಸಲ ಓದಿದೆ. ಎಂಜಿನ್ ಕೋಣೆಯಲ್ಲಿ ಒಮ್ಮೆ, ಡೆಕ್ಕಿನ ಮೇಲೆ ಒಮ್ಮೆ, ಊಟ ಬಿಟ್ಟು ಒಮ್ಮೆ. ನಾಲ್ಕನೆಯ ಸಿಲಿಂಡರು ಬಿಗಿಯಿದೆ ಎಂದು ಕಿವಿಯಿಂದ ಹೇಳುವುದನ್ನು ಕಲಿಯಲು ನನಗೆ ಹನ್ನೊಂದು ವರ್ಷ ಹಿಡಿಯಿತು.

ಅಮ್ಮನಿಗೆ ಒಂದೇ ಒಂದು ಪ್ರಶ್ನೆ ಕೇಳು. ನನ್ನ ಮಾತಿನಲ್ಲೇ ಓದಿ ಹೇಳು, ಮೆತ್ತಗೆ ಮಾಡಬೇಡ: ನೀನೇ ಲಾರಿ ಓಡಿಸಿದವಳಾದರೆ ನನ್ನನ್ನು ಯಾಕೆ ತಡೆದೆ? ಹತ್ತೊಂಬತ್ತು ವರ್ಷ ನಾನು ನಿನ್ನನ್ನು ಹೆದರುಪುಕ್ಕಲಿ ಎಂದುಕೊಂಡೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಯಾಕೆ ಹೇಳಲಿಲ್ಲ?

ಅಕ್ಕ

ಮೇ 20

ಪ್ರೀತಿಯ ಅಕ್ಕ,

ಓದಿ ಹೇಳಿದೆ. ಅಮ್ಮ ಬಟಾಣಿ ಸುಲಿಯುತ್ತಿದ್ದಳು. ಪೂರ್ತಿ ಕೇಳಿಸಿಕೊಂಡು, ಸುಲಿಯುವುದನ್ನೂ ಮುಗಿಸಿ, ಸಿಪ್ಪೆ ಎತ್ತಿ ಎಸೆದು ಬಂದು, "ಒಂದು ನಾಲ್ಕು ಹಾಳೆ ಕೊಡು," ಎಂದಳು. ಆರು ದಿನ ಬರೆದಳು. ನಾನು ತಿದ್ದಿ ಕೊಡಲಾ ಎಂದದ್ದಕ್ಕೆ ನನ್ನನ್ನು ನೋಡಿದ ರೀತಿಗೆ ಹಿಂದಕ್ಕೆ ಸರಿದೆ. ಒಳಗಡೆ ಏನಿದೆಯೋ ಗೊತ್ತಿಲ್ಲ, ಅಂಟಿಸಿಯೇ ಕೊಟ್ಟಿದ್ದಾಳೆ. ಇದರ ಜೊತೆಗೇ ಇಟ್ಟಿದ್ದೇನೆ.

ಎಂಜಿನ್ ಹೋದ ಭಾನುವಾರ ಹತ್ತಿತು. ಮೊದಲು ಕೆಮ್ಮಿ ಕಪ್ಪು ಹೊಗೆ ಕಾರಿತು, ಆಮೇಲೆ ನೆಲ ನಡುಗಿಸುತ್ತಾ ನಿಂತಲ್ಲೇ ಗುಡುಗಿತು. ಬೀದಿಯವರೆಲ್ಲ ಕಾಂಪೌಂಡಿನ ಹೊರಗೆ ಬಂದು ನಿಂತರು. ಗ್ರೀಸ್ ಮಾವ ಕಣ್ಣೊರೆಸಿಕೊಂಡು ಹೊಗೆಯ ಮೇಲೆ ತಪ್ಪು ಹೊರಿಸಿದರು. ಅಮ್ಮ ಕ್ಯಾಬಿನ್ನಿನೊಳಗೆ, ಅಪ್ಪನ ಜಾಗದಲ್ಲಿ ಕೂತಿದ್ದಳು. ಅಥವಾ ಯಾರ ಜಾಗವೋ.

ಹಿಂದಿನ ಹಲಗೆಯ ಅಕ್ಷರ ನಾನೇ ಬರೆಯುತ್ತಿದ್ದೇನೆ. ಅಪ್ಪ 'ನಿದಾನವಾಗಿ ಬನ್ನಿ' ಎಂದು ಬರೆಸಿದ್ದರು. ಮಹಾಪ್ರಾಣವಿಲ್ಲ. ತಿದ್ದುತ್ತೇನೆಂದರೆ ಅಮ್ಮ ಬಿಡಲೊಲ್ಲಳು: "ಅಷ್ಟು ವರ್ಷ ಹಿಂದಿನ ಗಾಡಿಯೋರಿಗೆ ಅರ್ಥ ಆಗಿದೆ." ಕೊನೆಗೆ ತಪ್ಪಾಗಿಯೇ ಬರೆದೆ. ಕ್ಯಾಬಿನ್ನಿನ ಮಾಡಿಗೆ ಪ್ರೈಮರು ಹಚ್ಚಿದ್ದು ನನ್ನವಳು. ನನಗೆ ಸ್ಟೂಲಿನ ಮೇಲೆ ನಿಂತರೂ ಭೂಮಿ ತಿರುಗುತ್ತದೆ.

ನಿನ್ನ ತಮ್ಮ

ಮೇ 19

ಮಗಳೇ,

ನನ್ನ ಅಕ್ಷರ ನೋಡಿ ನಗಬೇಡ. ಅಂಗಡಿ ಚೀಟಿ ಬಿಟ್ಟು ಬೇರೆ ಬರೆದು ಬಹಳ ಕಾಲವಾಯಿತು.

ನೀನು ಕೇಳಿದ್ದು ನ್ಯಾಯವಾಗಿಯೇ ಇದೆ. ಮೊದಲಿನಿಂದ ಹೇಳುತ್ತೇನೆ.

ಮದುವೆಯಾದ ಹೊಸದರಲ್ಲಿ ನಿಮ್ಮಪ್ಪ ಖಾಲಿ ಬಯಲಿಗೆ ಕರೆದುಕೊಂಡು ಹೋಗಿ ಆಟಕ್ಕೆಂದು ನನಗೆ ಲಾರಿ ಕಲಿಸಿದರು. ಆಮೇಲೆ ಬೆಟ್ಟದಾಚೆಯ ಮಿಲ್ಲಿನಿಂದ ಹಲಗೆ ತರುವ ಬಾಡಿಗೆ ಸಿಕ್ಕಿತು. ಮೊದಲನೇ ಸಲ ನಾನೂ ಜೊತೆಗೆ ಹೋದೆ. ಮೂರನೇ ತಿರುವಿನಲ್ಲಿ ಲಾರಿ ನಿಂತಿತು. ಕೆಟ್ಟಿತೇನೋ ಅಂದುಕೊಂಡೆ. ನೋಡಿದರೆ ಅವರ ಮುಖದಲ್ಲಿ ರಕ್ತವಿಲ್ಲ. ಸ್ಟಿಯರಿಂಗಿಗೆ ಕೈ ಅಂಟಿಹೋಗಿದೆ. ಕೆಳಗೆ ಆಳ ಕಂಡರೆ ಅವರಿಗೆ ತಲೆ ತಿರುಗುತ್ತಿತ್ತು. ಅದು ಅವರಿಗೂ ಅವತ್ತೇ ಗೊತ್ತಾಗಿದ್ದು. ಹಿಂದೆ ಸಾಲುಗಟ್ಟಿ ಲಾರಿಗಳು ಹಾರ್ನು ಹೊಡೆಯುತ್ತಿವೆ. ಹಿಂದೆ ಹೋಗಲು ಜಾಗವಿಲ್ಲ. ನಾನು ಅವರ ಬೆರಳು ಒಂದೊಂದಾಗಿ ಬಿಡಿಸಿದೆ. "ಈ ಕಡೆ ಸರೀರಿ," ಅಂದೆ. ಅವರು ಟವಲಿನಿಂದ ಮುಖ ಮುಚ್ಚಿಕೊಂಡು ಮಂಡಿಯಲ್ಲಿ ತಲೆಯಿಟ್ಟರು. ನನಗೆ ಕಾಲು ಎಟುಕುತ್ತಿರಲಿಲ್ಲ. ಹೆಚ್ಚುಕಮ್ಮಿ ನಿಂತುಕೊಂಡೇ ಓಡಿಸಿದೆ. ಆಚೆ ಕಡೆ ಇಳಿದ ಮೇಲೆ ಅವರು ಮಗುವಿನ ಹಾಗೆ ಅತ್ತರು. ಮುಂದಿನ ವಾರ ಆ ಮೂರು ಮರದ ತುಂಡು ಕೆತ್ತಿದರು.

ಒಂಬತ್ತು ವರ್ಷ. ಬೆಟ್ಟದ ಬುಡದ ನಲ್ಲಿಯ ಹತ್ತಿರ ಲಾರಿಗೆ ನೀರು ಕುಡಿಸುವ ನೆಪದಲ್ಲಿ ನಿಲ್ಲಿಸುತ್ತಿದ್ದೆವು. ತುಂಡು ಬಿಗಿದು, ಅವರ ಟೋಪಿ, ಅವರ ಕೋಟು ಹಾಕಿಕೊಂಡು ನಾನು ಕೂರುತ್ತಿದ್ದೆ. ಆಚೆ ಬುಡದಲ್ಲಿ ಮತ್ತೆ ಬದಲು. ಎದುರಿಗೆ ಬಂದ ಲಾರಿಯವರು ಟೋಪಿ ನೋಡಿ "ಹುಲೀ" ಅಂತ ಕೈ ಎತ್ತುತ್ತಿದ್ದರು. ನಾನೂ ಎತ್ತುತ್ತಿದ್ದೆ. ಅಪ್ಪನಿಗೆ ಆ ಹೆಸರು ಕೇಳಿದರೆ ಮೈಗೆ ಮುಳ್ಳು. ನಿಜ ಹೇಳಿಬಿಡುತ್ತೇನೆ ಅನ್ನುತ್ತಿದ್ದರು. ಬೇಡ ಅಂತ ಬಾಯಿ ಕಟ್ಟಿದವಳು ನಾನು. ನನಗೆ ಲೈಸೆನ್ಸ್ ಇರಲಿಲ್ಲ. ತಿಳಿದರೆ ಬಾಡಿಗೆ ತಪ್ಪಿಹೋಗುತ್ತಿತ್ತು. ಆಮೇಲೆ ಅದು ಅಭ್ಯಾಸವಾಯಿತು.

ನಿನಗೆ ನಾಲ್ಕು ವರ್ಷ. ತಮ್ಮ ಹೊಟ್ಟೆಯಲ್ಲಿದ್ದ, ಮೂರು ತಿಂಗಳು. ಹಲಗೆ ತುಂಬಿಕೊಂಡು ಇಳಿಯುತ್ತಿದ್ದೆವು. ನೀನು ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ಹದಿನಾಲ್ಕನೇ ತಿರುವಿಗೆ ಮುಂಚೆ ಬ್ರೇಕ್ ಒತ್ತಿದೆ. ಕಾಲು ಹಾಗೇ ಕೆಳಗೆ ಹೋಯಿತು, ನೀರಿನಲ್ಲಿ ಇಟ್ಟಂತೆ. ಏನೂ ಇಲ್ಲ. ಮೂರರಿಂದ ಎರಡನೇ ಗೇರಿಗೆ ತಳ್ಳಿದೆ, ಗೇರುಪೆಟ್ಟಿಗೆ ಚೀರಿತು. ಬಲಕ್ಕೆ ಆಳ, ಎಡಕ್ಕೆ ಬಂಡೆ. ಎಡಕ್ಕೆ ಎಳೆದೆ. ಲಾರಿಯ ಮೈಯನ್ನು ಬಂಡೆಗೆ ಒತ್ತಿ ಹಿಡಿದೆ. ಕಿಡಿ ಹಾರುತ್ತಿದ್ದವು. ತಗಡು ಹರಿಯುವ ಸದ್ದು ಈಗಲೂ ಕಿವಿಯಲ್ಲಿದೆ. ತಿರುವಿಗೆ ಎರಡು ಮಾರು ಇರುವಾಗ ನಿಂತಿತು.

ಅಪ್ಪ ಟವಲು ತೆಗೆದು ಮೊದಲು ನಿನ್ನನ್ನು ನೋಡಿದರು. ನೀನು ಮಗ್ಗುಲು ಬದಲಿಸಿ ಮತ್ತೆ ನಿದ್ದೆ ಹೋದೆ.

ಅವತ್ತಿಗೆ ಸರಿ, ನಾನು ಮತ್ತೆ ಕೂರಲಿಲ್ಲ. ಅಪ್ಪ ಬೆಟ್ಟದ ಬಾಡಿಗೆ ಬಿಟ್ಟು ಬಯಲ ಕಡೆಗೆ ಬಂದರು. ಕೇಳಿದವರಿಗೆಲ್ಲ, "ನನ್ನ ಕೈ ತಪ್ಪಿತು," ಅಂದರು. ಹೆಸರು ನನ್ನದಾಗಿದ್ದಾಗ ಅವರಿಗೆ ಹೋಯಿತು, ತಪ್ಪು ಬಂದಾಗ ಕೇಳಿ ತೆಗೆದುಕೊಂಡರು. ಅಂಥ ಮನುಷ್ಯ. ನೀನು ಅವರನ್ನು ಪ್ರೀತಿಸಿದ್ದು ತಪ್ಪಲ್ಲ. ಪೆಟ್ಟು ಕಾಣದ ಹಾಗೆ ನೀಲಿ ಹೊಡೆಸಿದರು.

ನೀನು ಎಂಜಿನ್ ಕೆಲಸಕ್ಕೆ ಹೋಗ್ತೀನಿ ಅಂದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ತಿರುವು. ನನಗೆ ಗೊತ್ತು ಅಂತ ಹೇಳಬೇಕಾದರೆ ಎಲ್ಲ ಹೇಳಬೇಕಾಗಿತ್ತು. ಅಪ್ಪ ಅಲ್ಲೇ ನಿಂತಿದ್ದರು. ಬೇಡ ಅನ್ನುವುದು ಸುಲಭವಾಯಿತು.

ಇನ್ನೊಂದಿದೆ. ಅದನ್ನು ಬರೆಯುವುದೋ ಬೇಡವೋ ಅಂತಲೇ ಆರು ದಿನ ಹಿಡಿಯಿತು. ಹೆದರಿಕೆ ಮಾತ್ರ ಅಲ್ಲ, ಹೊಟ್ಟೆಕಿಚ್ಚು. ನೀನು ನಿನ್ನ ಹೆಸರಿನಲ್ಲಿ, ನಿನ್ನ ಬಟ್ಟೆಯಲ್ಲಿ, ಹಾಡುಹಗಲು ಎಲ್ಲರ ಮುಂದೆ ಹೊರಟಿದ್ದೆ. ನಾನು ಟೋಪಿಯೊಳಗೆ ಹೋಗಿ ಬಂದವಳು. ತಾಯಿಗೆ ಹಾಗೆ ಅನ್ನಿಸಬಾರದು. ಅನ್ನಿಸಿತು.

ಲಾರಿ ಕತ್ತರಿಸಲು ಬಂದಾಗ ಅಡ್ಡ ಬಂದು ನಿಂತೆ. ನನ್ನ ಕೆಲಸಕ್ಕೆ ಸಾಕ್ಷಿ ಅಂತ ಇರುವುದು ಅದೊಂದೇ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಮ್ಮ

ಜೂನ್ 23

ಅಮ್ಮ,

ನಿನ್ನ ಕಾಗದ ಅಂಗಿಯ ಜೇಬಿನಲ್ಲಿದೆ. ಎಣ್ಣೆ ಹತ್ತಿ ಒಂದು ಮೂಲೆ ಪಾರದರ್ಶಕವಾಗಿದೆ.

ಓದಿ ನಾಲ್ಕು ದಿನ ಎಂಜಿನ್ನಿನ ಸುತ್ತ ನಡೆದೆ. ಈ ಯಂತ್ರಕ್ಕೆ ಕಂಡಲ್ಲೆಲ್ಲ ಮುಳ್ಳಿನ ಮಾಪಕ, ಗಂಟೆ, ಕೆಂಪು ದೀಪ. ಒಂದು ಕೆಟ್ಟರೆ ಇನ್ನೊಂದು ಕೂಗುತ್ತದೆ. ನೋಡಿಕೊಳ್ಳಲು ನಾವು ಒಂಬತ್ತು ಜನ. ನಿನ್ನ ಹತ್ತಿರ ಏನಿತ್ತು? ಮೂರು ಮರದ ತುಂಡು. ಪಕ್ಕದಲ್ಲಿ ಕಣ್ಣು ಮುಚ್ಚಿದ ಗಂಡ, ನಿದ್ದೆಯಲ್ಲಿರುವ ನಾನು, ಹೊಟ್ಟೆಯಲ್ಲಿ ತಮ್ಮ. ಲಾರಿ ತುಂಬ ಹಲಗೆ. ಅದನ್ನು ಬಂಡೆಗೆ ಒರಗಿಸಿ ನಿಲ್ಲಿಸಿದೆ. ಇಲ್ಲಿನ ಮುಖ್ಯ ಎಂಜಿನಿಯರಿಗೆ ಹೇಳಿದೆ, ನಲವತ್ತು ವರ್ಷ ಸಮುದ್ರ ಕಂಡವರು. ಪೂರ್ತಿ ಕೇಳಿ, ತಲೆಯ ಮೇಲಿನ ಕ್ಯಾಪು ತೆಗೆದರು.

ನಾನು ಧೈರ್ಯಕ್ಕೆ ನೆನೆಯುತ್ತಿದ್ದ ಕೈಗಳು ನಿನ್ನವೇ ಆಗಿದ್ದವು, ಅಮ್ಮ. ಮುಖ ಮಾತ್ರ ತಪ್ಪಿತ್ತು.

ಹೊಟ್ಟೆಕಿಚ್ಚಿನ ವಿಷಯ ಬರೆದೆಯಲ್ಲ, ಅದಕ್ಕೆ ನಿನಗೆ ಎಷ್ಟು ಋಣಿಯೋ ಹೇಳಲಾರೆ. ಅದೊಂದು ಸಾಲು ಓದಿದ ಮೇಲೆ ಎದೆಯ ಮೇಲಿನ ಭಾರ ಇಳಿಯಿತು. ಅಡುಗೆಮನೆಯ ಮಾತು ಹಿಂದಕ್ಕೆ ತೆಗೆದುಕೊಳ್ಳಲು ಬರುತ್ತಿದ್ದೇನೆ. ಸೆಪ್ಟೆಂಬರಿನಲ್ಲಿ ಹನ್ನೆರಡು ದಿನ ರಜೆ ಸಿಕ್ಕಿದೆ.

ಹಸಿರೇ ಹೊಡೆಯಿರಿ. ಕೊನೆಯ ಕೋಟು ನನಗೆ ಬಿಡಿ.

ನಿನ್ನ ಮಗಳು

ಅಕ್ಟೋಬರ್ 17

ಪ್ರೀತಿಯ ತಮ್ಮ,

ಬೆಟ್ಟದಿಂದ ಇಳಿಯಲು ಅಷ್ಟು ಹೊತ್ತು ಯಾಕಾಯಿತು ಎಂದು ನೀನು ಅವತ್ತು ಕೇಳಿದಾಗ, ಬ್ರೇಕು ಬಿಸಿಯಾಗಿತ್ತು, ಆರಲಿ ಎಂದು ಕಾದೆವು ಎಂದು ನಾನೂ ಅಮ್ಮನೂ ಒಂದೇ ಬಾಯಿಯಲ್ಲಿ ಸುಳ್ಳು ಹೇಳಿದೆವು. ನೀನೂ ನಿನ್ನವಳೂ ಗ್ರೀಸ್ ಮಾವನೂ ಬುಡದ ನಲ್ಲಿಯ ಹತ್ತಿರ ಬಿಸಿಲಿನಲ್ಲಿ ಕಾದು ಬಾಡಿಹೋಗಿದ್ದಿರಿ. ಅವತ್ತು ಬಾಯಿ ಬಿಟ್ಟಿದ್ದರೆ ನಾನು ಅತ್ತುಬಿಡುತ್ತಿದ್ದೆ, ಅದಕ್ಕೇ ಈಗ ಬರೆಯುತ್ತಿದ್ದೇನೆ. ಸಮುದ್ರದ ಮಧ್ಯೆ ಅಳಲು ಯಾರ ಅಡ್ಡಿಯೂ ಇಲ್ಲ.

ಮೊದಲಿಗೆ ಒಂದು ಮಾತು. ಆ ಹಸಿರು! ಕೊನೆಯ ಕೋಟು ಹೊಡೆದ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದಾಗ ನಾವು ನಾಲ್ವರೂ ಬಾಗಿಲಲ್ಲೇ ನಿಂತೆವಲ್ಲ. ನಮ್ಮ ಕೈಯಿಂದಲೇ ಆದದ್ದೆಂದು ನಂಬಲು ಆಗಲಿಲ್ಲ. ಎಡಗಡೆಯ ಗಾಯವನ್ನು ಗ್ರೀಸ್ ಮಾವ ತಟ್ಟಿ ತಟ್ಟಿ ಸರಿಮಾಡಿದರೂ ಪುಟ್ಟಿ ತುಂಬಿಸಲು ಅಮ್ಮ ಬಿಟ್ಟಿರಲಿಲ್ಲ. ಬೆಳಕು ಅಡ್ಡ ಬಿದ್ದಾಗ ಅಲ್ಲಿ ಬಣ್ಣ ಅಲೆಯಲೆಯಾಗಿ ಏಳುತ್ತಿತ್ತು.

ಈಗ ಬೆಟ್ಟದ ವಿಷಯ. ಬುಡದಲ್ಲಿ ನೀನು, "ನಾನು ಅಪ್ಪನ ಮಗ, ಇಲ್ಲೇ ಇರ್ತೀನಿ," ಎಂದು ಇಳಿದೆಯಲ್ಲ. ಅಮ್ಮನೇ ಓಡಿಸಲಿ ಎಂದು ನನಗೆ ಆಸೆಯಿತ್ತು. ಅವಳು ಮಂಡಿ ತಟ್ಟಿ ತೋರಿಸಿ, "ಇದು ಕ್ಲಚ್ಚಿಗೆ ಒಪ್ಪಲ್ಲ. ನೀನೇ ಕೂರು," ಎಂದು ಪಕ್ಕದ ಸೀಟು ಹತ್ತಿದಳು. ನಾನು ಕೂತೆ. ಮೂರು ಮಹಡಿ ಎಂಜಿನ್ ನೋಡಿಕೊಳ್ಳುವವಳ ಅಂಗೈ ಒದ್ದೆಯಾಗಿತ್ತು.

ಮೊದಲನೆಯ ತಿರುವಿಗೂ ಮುಂಚೆಯೇ ಅವಳು ಶುರುಮಾಡಿದಳು. "ಈಗ ಎರಡನೇ ಗೇರು. ಹಾರ್ನು. ಇನ್ನೂ ತಿರುಗಿಸಬೇಡ... ಹ್ಞಾಂ, ಈಗ." ಮೂವತ್ತೈದು ವರ್ಷದಿಂದ ಆ ದಾರಿ ಕಾಣದವಳು! ಒಂದೊಂದು ತಿರುವೂ ಅವಳ ಬಾಯಲ್ಲಿ ಮೊದಲು ಬರುತ್ತಿತ್ತು, ಆಮೇಲೆ ಕಣ್ಣಿಗೆ. "ಇದು ಮೋಸದ್ದು, ಅಗಲ ಕಾಣುತ್ತೆ, ಒಳಗೆ ಕಿರಿದು," ಎಂದಳು, ಹಾಗೇ ಇತ್ತು. "ಇಲ್ಲಿ ನೀರು ಜಿನುಗುತ್ತೆ, ಚಕ್ರ ಜಾರುತ್ತೆ," ಎಂದಳು. ಬಂಡೆಯಿಂದ ಈಗಲೂ ನೀರು ಜಿನುಗುತ್ತಿದೆ, ತಮ್ಮ. ಪೆಡಲುಗಳಿಲ್ಲದ ಕಡೆ ಅವಳ ಕಾಲು ಖಾಲಿ ನೆಲವನ್ನು ಒತ್ತುತ್ತಲೇ ಇತ್ತು. ಒಮ್ಮೆಯೂ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಒಂದು ಕಡೆ ಬಂಡೆಯ ಮೈಮೇಲೆ ಉದ್ದಕ್ಕೆ ಉಜ್ಜಿದ ಗುರುತಿತ್ತು. ಕೆಳಗಿನಿಂದ ಎಷ್ಟನೆಯ ತಿರುವೋ ಲೆಕ್ಕ ತಪ್ಪಿತ್ತು.

"ಇದೇನಾ ಅಮ್ಮ?"

"ಹೂಂ. ಮುಂದೆ ನೋಡು."

ಅಷ್ಟೇ. ಹತ್ತಿ ಮುಗಿಯಿತು. ನೆತ್ತಿಯಲ್ಲಿ ರಸ್ತೆಯ ಪಕ್ಕಕ್ಕೆ ಒಂದಿಷ್ಟು ಸಮತಟ್ಟು ಜಾಗವಿದೆ. ಅಲ್ಲಿ ಲಾರಿ ನಿಲ್ಲಿಸಿದೆ. ಅಮ್ಮನಿಗೆ ಗಾಬರಿ.

"ಯಾಕೆ ನಿಲ್ಲಿಸಿದೆ? ಬಿಸಿಯಾಯ್ತಾ?"

"ಇಲ್ಲಮ್ಮ. ಸುಮ್ಮನೆ."

"ಸುಮ್ಮನೆ ಯಾರಾದ್ರೂ ಇಲ್ಲಿ ನಿಲ್ಲಿಸ್ತಾರಾ? ಇಳಿಯೋದು ಬಾಕಿ ಇದೆ," ಎಂದು ಮುಂದಿನ ಇಳಿಜಾರಿನ ಮೇಲೇ ಕಣ್ಣಿಟ್ಟಿದ್ದಳು.

"ಆ ಕಡೆ ನೋಡಮ್ಮ," ಎಂದೆ, ಅವಳ ಕಿಟಕಿಯತ್ತ ಕೈ ತೋರಿಸಿ.

ತಿರುಗಿದಳು.

ನೀನು ನೋಡಿಲ್ಲ, ನೋಡುವವನೂ ಅಲ್ಲ, ಹಾಗಾಗಿ ಹೇಳುತ್ತೇನೆ. ಮೊದಲು ನಮ್ಮ ಕಾಲಡಿಯಲ್ಲಿ ಕಾಡು, ಆಮೇಲೆ ಕಾಡು ಮುಗಿದು ಹೊಲಗಳು, ಒಂದೊಂದೂ ಒಂದೊಂದು ಬಣ್ಣ. ಅವುಗಳ ನಡುವೆ ಹೊಳೆ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೋ ಎರಡೂ ಕಾಣುತ್ತದೆ. ಅದರಾಚೆ ಇನ್ನೊಂದು ಸಾಲು ಬೆಟ್ಟ, ಅದರಾಚೆ ಮತ್ತೊಂದು, ಕೊನೆಯದು ಆಕಾಶವೋ ಬೆಟ್ಟವೋ ತಿಳಿಯದಷ್ಟು ತೆಳು. ಒಂದು ಮೋಡದ ನೆರಳು ಹೊಲಗಳ ಮೇಲೆ ಹರಿಯುತ್ತಿತ್ತು. ನಾನು ಏಳು ಸಮುದ್ರ ನೋಡಿದವಳು. ಇಂಥದ್ದನ್ನು ಎಲ್ಲೂ ಕಂಡಿರಲಿಲ್ಲ.

ಅಮ್ಮ ಬಾಗಿಲು ತೆಗೆದು, ನನ್ನ ಕೈ ಹಿಡಿಯದೆ ತಾನೇ ಇಳಿದು, ಅಂಚಿನ ಕಲ್ಲಿನವರೆಗೆ ನಡೆದು ನಿಂತಳು. ನಾನು ಎಂಜಿನ್ ಆರಿಸಿದೆ. ಆ ಸದ್ದು ನಿಂತ ಮೇಲೆ ಗಾಳಿಯ ಸದ್ದು ಕೇಳಿಸಿತು. ಆಗ ನನಗೆ ಹೊಳೆಯಿತು. ಒಂಬತ್ತು ವರ್ಷ ಈ ಬೆಟ್ಟ ದಾಟಿದ ಇಬ್ಬರಲ್ಲಿ ಒಬ್ಬರ ಕಣ್ಣು ಟವಲಿನೊಳಗಿತ್ತು, ಇನ್ನೊಬ್ಬರದು ರಸ್ತೆಯ ಮೇಲಿತ್ತು.

ಎಷ್ಟು ಹೊತ್ತು ನಿಂತಿದ್ದಳೋ. ಮೋಡದ ನೆರಳು ಹೊಳೆ ದಾಟಿ ಆಚೆಯ ಬೆಟ್ಟ ಹತ್ತುವವರೆಗೂ ಅವಳು ಅಲ್ಲಾಡಲಿಲ್ಲ. ನಾನು ಪಕ್ಕಕ್ಕೆ ಹೋಗಿ ನಿಂತೆ. ನನ್ನ ಕಡೆ ತಿರುಗದೆ, ಮಗು ಕೇಳುವ ಹಾಗೆ, ತೀರಾ ಮೆಲ್ಲಗೆ ಕೇಳಿದಳು:

"ಇದು ಆವಾಗಲೂ ಇಲ್ಲೇ ಇತ್ತಾ?"

ನಿನ್ನ ಅಕ್ಕ